ನಮ್ಮ ಅಂಗಳಕ್ಕೆ ಬಿದ್ದ ಆಲಿಕಲ್ಲು

ಕಾಶ್ಮೀರದಲ್ಲಿ ಹಿಮ ಬೀಳುವುದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿರುತ್ತೀರಿ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಈ ಸಲ ಬೇಸಿಗೆ ರಜೆಯಲ್ಲಿ ನಮ್ಮ ಅಂಗಳ ಅರ್ಧ ಗಂಟೆ ಬೆಳ್ಳಗಾಗಿತ್ತು. ಅದು ಹೇಗೆ ಎಂದು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಏಪ್ರಿಲ್ ಕೊನೆಯ ವಾರ. ಅಕ್ಕ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ದೊಡ್ಡವಳಿಗೆ 5 ವರ್ಷ, ಚಿಕ್ಕವನಿಗೆ 3 ವರ್ಷ. ಅವತ್ತು ಬೆಳಿಗ್ಗೆಯಿಂದ ವಿಪರೀತ ಸೆಕೆ. ಸಾಯಂಕಾಲ 4 ಗಂಟೆಗೆ ಮೋಡ ಕಪ್ಪಾಗಿ ಗಾಳಿ ಎದ್ದಿತು. ಇದ್ದಕ್ಕಿದ್ದ ಹಾಗೆ ಶೀಟಿನ ಮೇಲೆ ಯಾರೋ ಕಲ್ಲು ಎಸೆದಂತೆ ಟಪಟಪ ಸದ್ದು. ಅಜ್ಜಿ "ಆನೆಕಲ್ಲು ಬೀಳ್ತೈತೆ, ಎಲ್ರೂ ಒಳಗ್ ಬನ್ರೋ" ಎಂದು ಕೂಗಿದರು.

ಕಲ್ಲು ಬೀಳುವುದು ನಿಂತ ಮೇಲೆ ಮಕ್ಕಳನ್ನು ಹಿಡಿಯುವವರೇ ಇಲ್ಲ! ಇಬ್ಬರೂ ಚೊಂಬು ಹಿಡಿದು ಆಯತೊಡಗಿದರು. ನಾನೂ ಆಯ್ದೆ. ಅಕ್ಕ "ಮಣ್ಣಿನದು ತಿನ್ಬೇಡ್ರೋ" ಎಂದು ಬೈಯುತ್ತಲೇ ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಜ್ಜಿ ಒಂದು ಕಲ್ಲನ್ನು ಚಿಕ್ಕವನ ಬೆನ್ನಿನ ಬೆವರುಗುಳ್ಳೆಗೆ ಸವರಿದರು. ಅವನು ಕಿರುಚಿಕೊಂಡು ಓಡಿದ. ಅಮ್ಮ ನಕ್ಕೂ ನಕ್ಕೂ ಸುಸ್ತಾದರು.

ದೊಡ್ಡವಳು "ಹಿಮ ಬಿತ್ತು, ಹಿಮ ಬಿತ್ತು" ಎಂದು ಕುಣಿದಳು. ಆದರೆ ಅದು ಹಿಮ ಅಲ್ಲ. ಮೋಡದಲ್ಲಿರುವ ನೀರಿನ ಆವಿ ನೀರಾಗದೆ ನೇರವಾಗಿ ಮಂಜುಗಡ್ಡೆಯ ಹರಳಾದರೆ ಅದು ಹಿಮ. ಹಿಮದ ಹರಳಿಗೆ ಸಾಮಾನ್ಯವಾಗಿ 6 ಮೂಲೆಗಳು. ಅದು ಹತ್ತಿಯ ಹಾಗೆ ಮೆಲ್ಲಗೆ ಇಳಿಯುತ್ತದೆ. ನೆಲದ ಹತ್ತಿರದ ಗಾಳಿಯೂ ತುಂಬಾ ತಣ್ಣಗಿದ್ದರೆ ಮಾತ್ರ ಕರಗದೆ ಕೆಳಗೆ ಬರುತ್ತದೆ. ಆದ್ದರಿಂದ ಕಾಶ್ಮೀರದಲ್ಲಿ ಹಿಮ ಹೆಚ್ಚಾಗಿ ಚಳಿಗಾಲದಲ್ಲಿ ಬೀಳುತ್ತದೆ. ಡಿಸೆಂಬರ್ 21ರಿಂದ 40 ದಿನದ ಕಡುಚಳಿಗೆ ಅಲ್ಲಿಯವರು ಚಿಲ್ಲೈ ಕಲಾನ್ ಎನ್ನುತ್ತಾರೆ.

ಆಲಿಕಲ್ಲಿನ ಕಥೆ ಬೇರೆ. ಅದಕ್ಕೆ ಬಿಸಿಲೇ ಕಾರಣ. ಕಾದ ನೆಲದಿಂದ ಬಿಸಿಗಾಳಿ ಜೋರಾಗಿ ಮೇಲೇಳುತ್ತದೆ. ಗುಡುಗಿನ ಮೋಡ 10 ಕಿ.ಮೀ.ಗಿಂತಲೂ ಎತ್ತರ ಬೆಳೆಯುತ್ತದೆ. ಅಷ್ಟು ಮೇಲೆ ಬೇಸಿಗೆಯಲ್ಲೂ ಕೊರೆಯುವ ಚಳಿ. ಅಲ್ಲಿ 0 ಡಿಗ್ರಿಗಿಂತ ತಣ್ಣಗಾದರೂ ಗಟ್ಟಿಯಾಗದೆ ನೀರಾಗಿಯೇ ಇರುವ ಹನಿಗಳಿರುತ್ತವೆ. ಒಂದು ಸಣ್ಣ ಮಂಜಿನ ಕಾಳು ಸಿಕ್ಕಿದರೆ ಸಾಕು, ಹನಿಗಳು ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಮೇಲೇಳುವ ಗಾಳಿ ಅದನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ. ಕಲ್ಲು ದಪ್ಪವಾಗುತ್ತಾ ಹೋಗಿ, ಗಾಳಿಗೆ ತಡೆಯಲಾಗದಷ್ಟು ಭಾರವಾದಾಗ ಬೀಳುತ್ತದೆ. ಜೋರಾಗಿ ಬೀಳುವುದರಿಂದ ದಾರಿಯಲ್ಲಿ ಪೂರ್ತಿ ಕರಗಲು ಸಮಯವೇ ಸಿಗುವುದಿಲ್ಲ.

ನಾನು ನೆಲ್ಲಿಕಾಯಿ ಗಾತ್ರದ ಒಂದು ಕಲ್ಲನ್ನು ಚಾಕುವಿನಿಂದ ಎರಡು ಹೋಳು ಮಾಡಿ ನೋಡಿದೆ. ಒಳಗೆ ಈರುಳ್ಳಿಯ ಹಾಗೆ ಸುತ್ತುಗಳು! ಹನಿ ಬೇಗ ಗಟ್ಟಿಯಾದರೆ ಗಾಳಿಗುಳ್ಳೆ ಸೇರಿ ಬಿಳಿ ಸುತ್ತು, ನಿಧಾನವಾಗಿ ಗಟ್ಟಿಯಾದರೆ ಗಾಜಿನಂಥ ಸುತ್ತು. ಮುಂದಿನ ಸಲ ಬಿದ್ದಾಗ ನೀವೂ ನೋಡಿ.

ಆದರೆ ಬೀಳುವಾಗ ಹೊರಗೆ ಹೋಗಬೇಡಿ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ 1888ರ ಏಪ್ರಿಲ್ 30ರಂದು ಆಲಿಕಲ್ಲು ಬಿದ್ದು 246 ಜನ ಸತ್ತರು. ಹೊಲದಲ್ಲಿದ್ದರೆ ತಲೆಯ ಮೇಲೆ ಬುಟ್ಟಿಯನ್ನಾದರೂ ಹಿಡಿದು ಹತ್ತಿರದ ಮನೆಗೆ ಓಡಬೇಕು. ಸಿಡಿಲಿರುವುದರಿಂದ ಮರದ ಕೆಳಗೆ ನಿಲ್ಲಬಾರದು.

ಇನ್ನೊಂದು ವಿಷಯ ಬರೆಯಲೇಬೇಕು. ನಾವೆಲ್ಲ ಕುಣಿಯುವಾಗ ಅಪ್ಪ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ನಾನು ಅದನ್ನು ನೋಡಿದರೂ ನೋಡದವಳಂತೆ ಇದ್ದೆ. ಮರುದಿನ ಅವರ ಜೊತೆ ತೋಪಿಗೆ ಹೋದೆ. ತೋತಾಪುರಿ ಕಾಯಿಗಳು ಚಾಪೆ ಹಾಸಿದಂತೆ ನೆಲದ ಮೇಲೆ ಬಿದ್ದಿದ್ದವು. ಮರದಲ್ಲಿ ಉಳಿದವಕ್ಕೂ ಪೆಟ್ಟು. ಪೆಟ್ಟು ಬಿದ್ದ ಜಾಗ ಮೂರ್ನಾಲ್ಕು ದಿನದಲ್ಲಿ ಕಪ್ಪಾಯಿತು. ಮಚ್ಚೆ ಇರುವ ಕಾಯಿಯನ್ನು ಮಂಡಿಯಲ್ಲಿ ಬೇರೆ ಗುಡ್ಡೆ ಹಾಕುತ್ತಾರೆ, ಬೆಲೆ ಸಿಗುವುದಿಲ್ಲ. ಆ ದುಡ್ಡಿನಲ್ಲೇ ಸಾಲ ತೀರಿಸಬೇಕಾಗಿತ್ತು.

ನಾನು "ಅಪ್ಪ, ನಾವು ಕುಣಿದಿದ್ದಕ್ಕೆ ಕೋಪ ಬಂತಾ?" ಎಂದು ಕೇಳಿದೆ. ಅಪ್ಪ "ಕೋಪ ಯಾಕಮ್ಮ, ನಾನೂ ಚಿಕ್ಕೋನಾಗಿದ್ದಾಗ ಹಿಂಗೇ ಆಯ್ಕೊಂಡು ತಿಂದೋನು. ಅವತ್ತು ನಮ್ಮಪ್ಪ ಯಾಕೆ ಮಾತಾಡ್ಲಿಲ್ಲ ಅಂತ ಈಗ ಗೊತ್ತಾಯ್ತು" ಎಂದರು. ಆಮೇಲೆ ಇಬ್ಬರೂ ಬಿದ್ದ ಕಾಯಿ ಆಯ್ದೆವು. ಅಮ್ಮ, ಅಜ್ಜಿ, ಅಕ್ಕ ಸೇರಿ ಎರಡು ಜಾಡಿ ಉಪ್ಪಿನಕಾಯಿ ಹಾಕಿದರು.

ಅಕ್ಕನ ಮಗಳು ಒಂದು ಕಲ್ಲನ್ನು ಜಾಮಿಟ್ರಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಬೆಳಿಗ್ಗೆ ತೆಗೆದು ನೋಡಿದರೆ ನೀರು ಮಾತ್ರ ಇತ್ತು. "ನಾಳೆ ಮತ್ತೆ ಬೀಳುತ್ತಾ?" ಎಂದು ಕೇಳಿದಳು. ಬೀಳಲಿ ಎನ್ನಲೋ ಬೇಡ ಎನ್ನಲೋ ನನಗೆ ತಿಳಿಯಲಿಲ್ಲ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— 7ನೇ ತರಗತಿ ವಿದ್ಯಾರ್ಥಿನಿ