ಒಂದು ಪಾಯಿಂಟಿಗೆ ಒಂದು ವಾರ: ಸ್ಪೋರ್ಟ್ಸ್ ಮಾಂಗಾ ಓದುವ ಖುಷಿ, ಕಿರಿಕಿರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಕಾಲೇಜಿಗೆ ಬಂದವರಿಗೆ 'ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ' ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ. ಊರ ಮುಂದಿನ ಬಯಲು, ಕಂಬಕ್ಕೆ ಕಟ್ಟಿದ ದೊಡ್ಡ ಲೈಟು, ಬಾಯಿ ಮುಚ್ಚದ ಮೈಕು, ಸೋತರೆ ಆವಾಗ್ಲೇ ಮನೆಗೆ. ನಾನು ಕೆ.ಆರ್.ಪೇಟೆ ತಾಲ್ಲೂಕಿನವನು. ನಮ್ಮೂರ ಟೀಮಿಗೆ ಲಿಫ್ಟರ್ ಆಗಿದ್ದೆ. ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಂಥದ್ದೇ ಒಂದು ರಾತ್ರಿ, ಮೂರನೇ ಸೆಟ್ಟು 13-14 ಆಗಿದ್ದಾಗ, ಇಬ್ಬನಿಗೆ ನೆಂದ ಬಾಲು ನನ್ನ ಬೆರಳಿಂದ ಜಾರಿಬಿಡ್ತು. ಮ್ಯಾಚ್ ಮುಗೀತು. ಮಾರನೇ ದಿನದಿಂದ ಸಿಇಟಿಗೆ ಓದ್ಬೇಕು ಅಂತ ಹೇಳಿ ಗ್ರೌಂಡಿನ ಕಡೆ ಹೋಗೋದನ್ನೇ ಬಿಟ್ಟೆ. ನಿಜ ಹೇಳ್ಬೇಕು ಅಂದ್ರೆ ಸಿಇಟಿ ಬರೀ ನೆಪ.

ಫಸ್ಟ್ ಸೆಮ್‌ನಲ್ಲಿ ನಾಗಮಂಗಲದ ರೂಮ್‌ಮೇಟ್ ಒಬ್ಬ 'ಹೈಕ್ಯೂ' ಓದು ಮಗಾ, ಓದು ಮಗಾ ಅಂತ ತಲೆ ತಿಂದ. ಮಾಂಗಾ ಅಂದ್ರೆ ಜಪಾನಿನ ಚಿತ್ರಕಥೆ. ಹೈಕ್ಯೂ ಅಂದ್ರೆ ಜಪಾನಿ ಭಾಷೆಯಲ್ಲಿ ವಾಲಿಬಾಲ್ ಅಂತಲೇ ಅರ್ಥ. ಹರುಯಿಚಿ ಫುರುದಾತೆ ಬರೆದ ಈ ಕಥೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ 2012ರಿಂದ 2020ರವರೆಗೆ 402 ಅಧ್ಯಾಯಗಳಾಗಿ ಬಂತು. ಪುಸ್ತಕವಾದಾಗ 45 ಸಂಪುಟ. ಮೊದಲ ಕಿರಿಕಿರಿ ಅಲ್ಲೇ ಶುರು: ಮಾಂಗಾವನ್ನ ಬಲದಿಂದ ಎಡಕ್ಕೆ ಓದಬೇಕು. ನಾನು ಹತ್ತು ಪುಟ ಉಲ್ಟಾ ಓದಿ, ಸರ್ವೀಸ್ ಮಾಡೋಕೆ ಮುಂಚೆನೇ ಪಾಯಿಂಟ್ ಹೇಗೆ ಬಂತು ಅಂತ ತಲೆ ಕೆರ್ಕೊಂಡಿದ್ದೆ.

ಹಾಗಾದ್ರೆ ಅಲ್ಲಾಡದ ಚಿತ್ರದಲ್ಲಿ ಆಟ ನೋಡೋದ್ರಲ್ಲಿ ಅಂಥ ಮಜಾ ಏನಿದೆ? ನಮಗೆ ಗೊತ್ತಿರೋ ಫಿಸಿಕ್ಸ್‌ನಿಂದಲೇ ನೋಡೋಣ. ಸ್ಮ್ಯಾಷ್ ಹೊಡೆಯೋನು 80 ಸೆಂ.ಮೀ. ಮೇಲಕ್ಕೆ ಹಾರಿದ ಅಂತಿಟ್ಕೊಳ್ಳಿ. ಲೆಕ್ಕ ಹಾಕಿದ್ರೆ ಅವನು ಗಾಳಿಯಲ್ಲಿರೋದು ಸುಮಾರು 0.8 ಸೆಕೆಂಡ್. ಅದರಲ್ಲಿ ಅರ್ಧ ಸಮಯ, ಅಂದ್ರೆ 0.4 ಸೆಕೆಂಡ್, ಮೇಲಿನ ಕಾಲು ಭಾಗದಲ್ಲೇ, ಬರೀ 20 ಸೆಂ.ಮೀ. ಒಳಗೇ ಕಳೆಯುತ್ತೆ. ತುದಿಯಲ್ಲಿ ವೇಗ ಕಮ್ಮಿ ಆಗೋದ್ರಿಂದ ಹಾರಿದವನು ಅಲ್ಲೇ ನಿಂತ ಹಾಗೆ ಕಾಣ್ತಾನೆ. ಅಂಗಳದಲ್ಲಿ ಇದು ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ. ಮಾಂಗಾ ಮಾತ್ರ ಅಲ್ಲೇ ಪುಟವನ್ನ ನಿಲ್ಲಿಸುತ್ತೆ. ಹಾರಿದವನಿಗೆ ಎದುರಿನ ಬ್ಲಾಕ್ ಎಲ್ಲಿ ಕಂಡಿತು, ಲಿಫ್ಟರ್ ಯಾರ ಕಡೆ ನೋಡಿ ಮೋಸ ಮಾಡಿದ, ಹಿಂದೆ ನಿಂತವನ ಕಾಲು ಯಾವ ಕಡೆ ತಿರುಗಿತು, ಎಲ್ಲವನ್ನೂ ಬಿಡಿಸಿ ತೋರಿಸುತ್ತೆ. ಆರು ವರ್ಷ ವಾಲಿಬಾಲ್ ಆಡಿದ್ದ ನನಗೆ, ನಾನು ಆಡ್ತಿದ್ದದ್ದು ಏನು ಅಂತ ಗೊತ್ತಾಗಿದ್ದು ಓದಿದ ಮೇಲೇ.

ಕಿರಿಕಿರಿ ಹುಟ್ಟೋದೂ ಇಲ್ಲಿಂದಲೇ. ವಾರಪತ್ರಿಕೆಯಲ್ಲಿ ಒಂದು ಅಧ್ಯಾಯಕ್ಕೆ ಸಿಗೋದು ಸುಮಾರು 20 ಪುಟ. ಒಂದು ಜಿಗಿತಕ್ಕೇ ನಾಲ್ಕು ಪುಟ ಹೋದ್ರೆ ಒಂದು ಮ್ಯಾಚ್ ಮುಗಿಯೋಕೆ ತಿಂಗಳುಗಟ್ಟಲೆ ಬೇಕು. ತಕೆಹಿಕೊ ಇನೊಯೆಯ ಬ್ಯಾಸ್ಕೆಟ್‌ಬಾಲ್ ಮಾಂಗಾ 'ಸ್ಲ್ಯಾಮ್ ಡಂಕ್' 1990ರಿಂದ 1996ರವರೆಗೆ ನಡೀತು, 31 ಸಂಪುಟ. ಕಥೆಯೊಳಗೆ ಕಳೆಯೋದು ಮಾತ್ರ ಸುಮಾರು ನಾಲ್ಕು ತಿಂಗಳು! ಅದರ ಕೊನೆಯ ದೊಡ್ಡ ಮ್ಯಾಚಿನ ಅಂತಿಮ ಕ್ಷಣಗಳಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಓದ್ತಾ ಉಸಿರು ಕಟ್ಟುತ್ತೆ. ಅಷ್ಟು ಕಷ್ಟಪಟ್ಟು ಗೆದ್ದ ಟೀಮು ಮುಂದಿನ ಸುತ್ತಿನಲ್ಲಿ ಹೀನಾಯವಾಗಿ ಸೋತಿತು ಅನ್ನೋದನ್ನ ಒಂದೇ ಮಾತಿನಲ್ಲಿ ಹೇಳಿ ಮುಗಿಸ್ತಾರೆ. ಫೋನ್ ಎಸೆಯೋಣ ಅನ್ನಿಸಿತ್ತು. ಬಾಕ್ಸಿಂಗ್ ಮಾಂಗಾ 'ಹಾಜಿಮೆ ನೊ ಇಪ್ಪೊ' ಅಂತೂ 1989ರಲ್ಲಿ ಶುರುವಾಗಿ 30 ವರ್ಷ ದಾಟಿದ್ರೂ ಮುಗಿಯದೆ ನಡೀತಾ ಬಂತು. ನಮ್ಮ ಬ್ಯಾಕ್‌ಲಾಗ್ ಎಷ್ಟೋ ವಾಸಿ.

ಇನ್ನೊಂದು ದೂರು ಹುಡುಗಿಯರ ಆಟದ ಬಗ್ಗೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳಾ ವಾಲಿಬಾಲ್ ತಂಡ ಚಿನ್ನ ಗೆದ್ದಿತ್ತು. 1968ರಲ್ಲೇ 'ಅಟ್ಯಾಕ್ ನಂಬರ್ 1' ಅಂತ ಹುಡುಗಿಯರ ವಾಲಿಬಾಲ್ ಮಾಂಗಾ ಬಂದಿತ್ತು. ಇಂಥ ಚರಿತ್ರೆ ಇದ್ರೂ ಹೈಕ್ಯೂನಲ್ಲಿ ಹುಡುಗಿಯರ ಟೀಮಿಗೆ ಸಿಕ್ಕಿದ್ದು ಕೆಲವೇ ಪುಟ. ಈ ವಿಷಯದಲ್ಲಿ ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳೂ ಏನು ಕಮ್ಮಿ ಇಲ್ಲ ಬಿಡಿ.

ಇಷ್ಟೆಲ್ಲ ಬೈಕೊಂಡೂ ಯಾಕೆ ಓದ್ತೀವಿ? ನನ್ನ ಉತ್ತರ ಇದು: ಸ್ಪೋರ್ಟ್ಸ್ ಮಾಂಗಾದಲ್ಲಿ ಸೋತವರಿಗೂ ಪುಟ ಸಿಗುತ್ತೆ. ಎದುರಾಳಿ ಟೀಮಿನ ಪ್ರತಿಯೊಬ್ಬನಿಗೂ ಒಂದು ಹಿಂದಿನ ಕಥೆ ಇರುತ್ತೆ. ಮ್ಯಾಚ್ ಬಿಸಿ ಏರಿದಾಗ ಫ್ಲ್ಯಾಶ್‌ಬ್ಯಾಕ್ ಬಂದ್ರೆ ರೇಗುತ್ತೆ ನಿಜ, ಆದ್ರೆ ಅದನ್ನ ಓದಿದ ಮೇಲೆ ಅವನು ಸೋಲಲಿ ಅಂತ ಅನ್ನೋಕೆ ಮನಸ್ಸು ಬರಲ್ಲ. ಹೈಕ್ಯೂನಲ್ಲಿ ನಮ್ಮ ಹುಡುಗರು ಮೊದಲ ದೊಡ್ಡ ಟೂರ್ನಿಯಲ್ಲಿ ಸೋತಾಗ ಕೋಚ್ ಬೈಯಲ್ಲ, ಊಟಕ್ಕೆ ಕರ್ಕೊಂಡು ಹೋಗ್ತಾನೆ. ಅಳ್ತಾ ಅಳ್ತಾನೇ ಅನ್ನ ತಿಂತಾರೆ.

ಮುಂದಿನದ್ದು ಸ್ಪಾಯ್ಲರ್, ಬೇಡದವರು ಈ ಪ್ಯಾರಾ ಬಿಟ್ಬಿಡಿ. ನೆಕೊಮಾ ಅನ್ನೋ ಟೀಮಿನ ಜೊತೆಗಿನ ಮ್ಯಾಚ್ ಸಂಪುಟಗಟ್ಟಲೆ ನಡೆದು ಮುಗಿಯೋದು ಹೇಗೆ ಗೊತ್ತಾ? ನೆಕೊಮಾದ ಲಿಫ್ಟರ್ ಕೆನ್ಮಾನ ಬೆರಳಿಂದ ಬೆವರಿಗೆ ಒದ್ದೆಯಾದ ಬಾಲು ಜಾರುತ್ತೆ. ಅಷ್ಟೇ. ಯಾರೂ ಅವನ ಮೇಲೆ ರೇಗಲ್ಲ. ಅವನು ತನ್ನನ್ನ ವಾಲಿಬಾಲಿಗೆ ಎಳ್ಕೊಂಡು ಬಂದ ಬಾಲ್ಯದ ಗೆಳೆಯನಿಗೆ ಥ್ಯಾಂಕ್ಸ್ ಹೇಳ್ತಾನೆ. ಪಾಂಡವಪುರ ದಾಟುವ ಬಸ್ಸಿನಲ್ಲಿ ಕೂತು ಇದನ್ನ ಓದಿದವನು, ಮುಂದಿನ ಸ್ಟಾಪ್ ಯಾವುದು ಅಂತ ನೋಡದೆ ಕೂತಿದ್ದೆ.

ಆ ಸಲ ಊರಿಗೆ ಹೋದಾಗ ನಮ್ಮ ಟೀಮಿನ ಕ್ಯಾಪ್ಟನ್ ಅಣ್ಣನ ಹತ್ರ ಆ ರಾತ್ರಿಯ ಮಾತು ತೆಗೆದೆ. 'ಬಾಲು ಒದ್ದೆ ಇತ್ತು ಕಣ್ಲಾ, ಇನ್ನೇನಾಯ್ತದೆ? ಅದಕ್ಕಾ ನೀನು ಎರಡು ವರ್ಷ ಈ ಕಡೆ ತಲೆ ಹಾಕ್ನಿಲ್ಲ?' ಅಂದ್ರು. ನನಗೆ ಹೇಳೋಕೆ ಏನೂ ಉಳಿದಿರಲಿಲ್ಲ.

ಓದೋಕೆ ಶುರು ಮಾಡೋರಿಗೆ ಎರಡೇ ಮಾತು. ಹೈಕ್ಯೂ ಅಥವಾ ಸ್ಲ್ಯಾಮ್ ಡಂಕ್, ಮುಗಿದಿರೋ ಕಥೆಯನ್ನೇ ಹಿಡೀರಿ, ವಾರ ವಾರ ಕಾಯೋ ಕಷ್ಟ ತಪ್ಪುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಮಾತ್ರ ಮುಟ್ಟಬೇಡಿ, 'ಇನ್ನೊಂದು ಪಾಯಿಂಟ್' ಅಂತ ಬೆಳಗಾಗುತ್ತೆ.

ಸಂಜೆ ಐದರ ಮೇಲೆ ಕ್ಯಾಂಪಸ್ ಕೋರ್ಟಿನಲ್ಲಿ ಯಾರಿಗಾದ್ರೂ ಲಿಫ್ಟರ್ ಬೇಕಿದ್ರೆ ಕರೀರಿ, ಬರ್ತೀನಿ. ಬಾಲು ಒರೆಸೋಕೆ ಟವೆಲ್ಲೂ ತರ್ತೀನಿ.