ಹರಿಹರದವರೆಗೆ ಓಡುವ ಮುನ್ನ

ದಾವಣಗೆರೆಯ ಕುಂದವಾಡ ಕೆರೆಯ ದಂಡೆಯಲ್ಲಿ ಬೆಳಗಿನ ಜಾವ ಕಾಣುವ ನೋಟ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮೊದಲು ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಧಾನವಾಗಿ ನಡೆಯುವ ಹಿರಿಯರೇ ಅಲ್ಲಿ ಹೆಚ್ಚಾಗಿರುತ್ತಿದ್ದರು. ಈಗ ನಲವತ್ತರ ಆಸುಪಾಸಿನ ಗೃಹಸ್ಥರೂ ಗೃಹಿಣಿಯರೂ ಅವರನ್ನು ದಾಟಿ ಓಡುತ್ತಿರುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಹೀಗೆ ಓಡತೊಡಗಿದವರಲ್ಲಿ ಕೆಲವರು ಒಂದೆರಡು ತಿಂಗಳೊಳಗೆ ಕುಂಟುತ್ತ ನಮ್ಮ ಚಿಕಿತ್ಸಾಲಯದ ಮೆಟ್ಟಿಲು ಹತ್ತುತ್ತಾರಾದ್ದರಿಂದ, ಮ್ಯಾರಥಾನ್ ಓಡಬೇಕೆಂಬ ಆಸೆಯುಳ್ಳ ಸದ್ಭಕ್ತರಿಗಾಗಿ ಮೊದಲ ತಿಂಗಳುಗಳ ಅಭ್ಯಾಸವನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ದೂರದ ಓಟ. ನಮ್ಮ ಊರಿನ ಅಳತೆಯಲ್ಲಿ ಹೇಳುವುದಾದರೆ, ದಾವಣಗೆರೆಯಿಂದ ಹಳೆಯ ಪಿ.ಬಿ. ರಸ್ತೆಯಲ್ಲಿ ಬಾತಿಯನ್ನು ಹಾದು ಹರಿಹರ ತಲುಪಿ, ಅಲ್ಲಿಂದ ಮರಳಿ ಬಂದು, ಮತ್ತೊಮ್ಮೆ ಹರಿಹರಕ್ಕೆ ಓಡಿದಷ್ಟು. ಈ ವಿಚಿತ್ರ ಅಂಕಿ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ದೂರ. ಅದೇ ನಿಯಮವೆಂದು ಸ್ಥಿರವಾದುದು 1921ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಇನ್ನೂ ತುಸು ಹೆಚ್ಚಿನ ದೂರವನ್ನು, ಅಂದರೆ 42.75 ಕಿಲೋಮೀಟರನ್ನು, 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದರು. ಕನ್ನಡ ನಾಡಿಗೆ ಈ ಓಟ ಹೊಸತೇನಲ್ಲ ಎಂಬುದಕ್ಕೆ ಆ ಹಿರಿಯರೇ ಸಾಕ್ಷಿ. ಆದರೆ ಎಳವೆಯಿಂದಲೇ ದುಡಿದು ಗಟ್ಟಿಯಾದ ಕಾಲುಗಳೂ, ಇಪ್ಪತ್ತು ವರ್ಷ ಕುರ್ಚಿಯ ಕೆಳಗೆ ಮಡಿಸಿಟ್ಟ ಕಾಲುಗಳೂ ಒಂದೇ ಅಲ್ಲ.

ಎರಡನೆಯ ಬಗೆಯ ಕಾಲುಗಳವರೊಬ್ಬರ ಸಂಗತಿಯನ್ನು ಹೇಳಬೇಕು. ಅವರು ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ವಯಸ್ಸು ನಲವತ್ತೆರಡು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಲ್ಲಿ ಅವರ ಷಡ್ಡಕರು ಒಮ್ಮೆ ಓಡಿ ಪದಕ ತಂದರಂತೆ. ಇವರಿಗೆ ಮ್ಯಾರಥಾನನ್ನೇ ಓಡಬೇಕೆಂಬ ಹಟ ಹುಟ್ಟಿತು. ಕಾರ್ತಿಕದಲ್ಲಿ ಆರಂಭಿಸಿದರು. ಮೊದಲ ವಾರ ಕೆರೆಯ ಸುತ್ತ ದಿನವೂ ಓಟ, ಮೂರನೆಯ ವಾರ ಬಾತಿಯವರೆಗೆ ಹೋಗಿ ಬರುವುದು, ಐದನೆಯ ವಾರದ ಭಾನುವಾರ ನೇರವಾಗಿ ಹರಿಹರ. ತುಂಗಭದ್ರೆಯ ದಡದಲ್ಲಿ ನಿಂತು ತೆಗೆದ ಭಾವಚಿತ್ರವನ್ನು ನಮಗೂ ತೋರಿಸಿದರು. ಅದನ್ನು ತೋರಿಸುವಾಗಲೇ ಎಡಗಾಲಿನ ಮೊಣಕಾಲ ಕೆಳಗೆ, ಮುಂಗಾಲ ಎಲುಬಿನ ಒಳಬದಿಯಲ್ಲಿ ನೋವಿದೆ ಎಂದರು.

ಇಲ್ಲಿ ನಾವು ತಪ್ಪಿದೆವು. ಹೊಸದಾಗಿ ಓಡುವವರಲ್ಲಿ ಸಾಮಾನ್ಯವಾದ ಮಾಂಸಗತ ವಾತದ ನೋವೆಂದು ತಿಳಿದು, ತೈಲ ಹಚ್ಚಿ ಶಾಖ ಕೊಡುವಂತೆಯೂ ನಾಲ್ಕು ದಿನ ವಿಶ್ರಮಿಸುವಂತೆಯೂ ಹೇಳಿ ಕಳುಹಿಸಿದೆವು. ನೋವು ಇಳಿಯಿತು, ಅವರು ಮತ್ತೆ ಓಡಿದರು, ನೋವು ಮೊದಲಿಗಿಂತ ಹೆಚ್ಚಾಗಿ ಮರಳಿತು. ಎರಡನೆಯ ಬಾರಿ ಬಂದಾಗ ಎಲುಬಿನ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಿದೆವು. ಒಂದೇ ಒಂದು ಜಾಗದಲ್ಲಿ, ಒಂದು ಬೆರಳು ಮುಚ್ಚುವಷ್ಟು ಸ್ಥಳದಲ್ಲಿ, ಅವರು ಹೌಹಾರಿದರು. ರಾತ್ರಿ ಮಲಗಿದಾಗಲೂ ಅಲ್ಲಿ ಸಿಡಿತವಿತ್ತು. ಮೂಳೆ ತಜ್ಞರ ಬಳಿಗೆ ಕಳುಹಿಸಿದೆವು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಎಂ.ಆರ್.ಐ. ಮಾಡಿದಾಗ ಕೂದಲೆಳೆಯಂಥ ಬಿರುಕು ಕಂಡಿತು. ಸುಶ್ರುತಾಚಾರ್ಯರು ಎಣಿಸಿದ ಹನ್ನೆರಡು ಬಗೆಯ ಕಾಂಡಭಗ್ನಗಳಲ್ಲಿ ಸ್ಫುಟಿತ, ಅಂದರೆ ಬಿರಿದ ಎಲುಬು, ಒಂದು. ಪುಸ್ತಕದಲ್ಲಿ ಓದಿದ್ದೆವು, ಬೆರಳಿಟ್ಟು ನೋಡಿರಲಿಲ್ಲ.

ಬಿದ್ದಿಲ್ಲ, ಪೆಟ್ಟು ತಗುಲಿಲ್ಲ, ಎಲುಬು ಏಕೆ ಬಿರಿಯಬೇಕು? ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ಹೊಸ ಭಾರವನ್ನು ಕಂಡ ಎಲುಬು ತನ್ನನ್ನು ತಾನು ಬಲಪಡಿಸಿಕೊಳ್ಳಲು ತೊಡಗುತ್ತದೆ. ಆದರೆ ಆ ಕೆಲಸದ ಕ್ರಮ ಹಳೆಯ ಗೋಡೆಯನ್ನು ರಿಪೇರಿ ಮಾಡುವಂಥದು: ಮೊದಲು ಸವೆದ ಇಟ್ಟಿಗೆಗಳನ್ನು ಕೀಳಬೇಕು, ಅನಂತರ ಹೊಸದನ್ನು ಕೂಡಿಸಬೇಕು. ಕೀಳುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬುವ ಕೆಲಸಕ್ಕೆ ಮೂರು ತಿಂಗಳಾದರೂ ಬೇಕು. ಆದ್ದರಿಂದ ಓಟ ಆರಂಭಿಸಿದ ಮೊದಲ ಒಂದೆರಡು ತಿಂಗಳು ಎಲುಬು ಮೊದಲಿಗಿಂತ ತುಸು ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ಹೃದಯ, ಶ್ವಾಸಕೋಶ, ಮಾಂಸಖಂಡಗಳು ಬೇಗ ಪಳಗಿಬಿಟ್ಟಿರುತ್ತವೆ. ಉಸಿರು ಸಲೀಸಾಗಿದೆ, ಮನಸ್ಸು ಹುರುಪಿನಲ್ಲಿದೆ. ಇನ್ನೂ ದೂರ ಓಡಬಹುದೆಂದು ತೋರುತ್ತದೆ. ಉಸಿರಿನ ಮಾತು ಕೇಳಿ ಎಲುಬನ್ನು ದುಡಿಸುವುದೇ ಹೊಸಬರ ಮುಖ್ಯ ತಪ್ಪು. ರಸದಿಂದ ಮೊದಲುಗೊಂಡು ಧಾತುಗಳು ಒಂದರ ನಂತರ ಒಂದು ಪೋಷಣೆ ಪಡೆಯುತ್ತವೆ, ಅಸ್ಥಿ ಅವುಗಳಲ್ಲಿ ಐದನೆಯದು ಎನ್ನುತ್ತದೆ ಆಯುರ್ವೇದ. ಇದನ್ನು ಇಂದಿನ ವಿಜ್ಞಾನದೊಂದಿಗೆ ಬಲವಂತವಾಗಿ ತಾಳೆ ಹಾಕುವ ಚಪಲ ನಮಗಿಲ್ಲ. ಎಲುಬಿಗೆ ತಾಳ್ಮೆ ಬೇಕೆಂಬಲ್ಲಿ ಮಾತ್ರ ಎರಡೂ ಒಂದೇ ಮಾತನ್ನು ಆಡುತ್ತವೆ.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಅರ್ಧವನ್ನು ಅಳೆಯುವುದು ಹೇಗೆ? ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರೊಡೆಯುವುದು, ಬಾಯಿ ಒಣಗತೊಡಗುವುದು, ಉಸಿರನ್ನು ಬಾಯಿಯಿಂದ ಎಳೆಯಬೇಕಾಗಿ ಬರುವುದು, ಇವು ಮಿತಿ ಮುಟ್ಟಿದ ಗುರುತುಗಳು. ಇಂದಿನ ತರಬೇತುದಾರರು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ: ಓಡುತ್ತಲೇ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಚಳಿಗಾಲದಲ್ಲೂ ವಸಂತದಲ್ಲೂ ಈ ಅರ್ಧಶಕ್ತಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂಬುದು ವಾಗ್ಭಟರ ಮತ. ನಮ್ಮ ಭಾಗದಲ್ಲಿ ವಸಂತವೆಂದರೆ ಬಿರುಬಿಸಿಲೇ ಆದ್ದರಿಂದ, ಯುಗಾದಿ ಕಳೆದ ಮೇಲೆ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಸುವುದು ಲೇಸು.

ಹಾಗಾದರೆ ಆರಂಭ ಹೇಗಿರಬೇಕು? ಮೊದಲು ಒಂದು ತಿಂಗಳು ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು. ಅನಂತರ ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಎರಡು ವಾರಕ್ಕೊಮ್ಮೆ ಓಟದ ಪಾಲನ್ನು ತುಸು ಹೆಚ್ಚಿಸುತ್ತ ಹೋದರೆ, ಮೂರು ತಿಂಗಳ ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡಬಹುದು. ಅಲ್ಲಿಂದ ಮುಂದೆ ವಾರದ ಒಟ್ಟು ದೂರವನ್ನು ಹಿಂದಿನ ವಾರದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸದಿರುವುದು ರೂಢಿಯ ನಿಯಮ. ನಾಲ್ಕನೆಯ ವಾರ ಇಳಿಸಬೇಕು. ಪೂರ್ಣ ಮ್ಯಾರಥಾನಿಗೆ ಒಂದು ವರ್ಷವಾದರೂ ಬೇಕು. ನಮ್ಮ ಗರಡಿಮನೆಗಳ ಬಸ್ಕಿಯನ್ನು ಓಟಗಾರರು ಮರೆಯಬಾರದು. ವಾರಕ್ಕೆರಡು ದಿನ ಬಸ್ಕಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇವು ದುಬಾರಿ ಬೂಟಿಗಿಂತ ಹೆಚ್ಚು ರಕ್ಷಣೆ ಕೊಡುತ್ತವೆಂಬುದು ನಮ್ಮ ಅನುಭವ. ಬೂಟು ಬೇಡವೆಂದಲ್ಲ, ಅಟ್ಟೆ ಸವೆದದ್ದು ಬೇಡ.

ಭಕ್ತರಲ್ಲಿ ಅನೇಕರಿಗೆ ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ನೇಮವಿದೆ. ಅವರು ಅರ್ಧ ಗಂಟೆಯ ಓಟವನ್ನು ಬರಿಹೊಟ್ಟೆಯಲ್ಲೇ ಮುಗಿಸಿ, ಬೆವರಾರಿದ ಮೇಲೆ ಸ್ನಾನ ಮಾಡಿ ಪೂಜೆಗೆ ಕೂರಬಹುದು, ತೊಂದರೆಯಿಲ್ಲ. ಓಟ ಒಂದು ಗಂಟೆಗೂ ಮೀರುವ ದಿನ ಮಾತ್ರ ಬೇಗನೆ ಎದ್ದು ಪೂಜೆ ಮುಗಿಸಿ, ಒಂದು ಬಾಳೆಹಣ್ಣನ್ನೋ ನಾಲ್ಕು ಖರ್ಜೂರವನ್ನೋ ಸೇವಿಸಿ ಹೊರಡಬೇಕು. ಮೇಲೆ ಹೇಳಿದವರು ಹರಿಹರಕ್ಕೆ ಓಡಿದ್ದು ಬರಿಹೊಟ್ಟೆಯಲ್ಲಿ, ನೀರನ್ನೂ ಮುಟ್ಟದೆ. ಹೊಳೆಯ ದಡದಲ್ಲಿ ಕಣ್ಣು ಕತ್ತಲೆ ಬಂದು ಹತ್ತು ನಿಮಿಷ ಕೂತಿದ್ದರೆಂಬುದನ್ನು ಅವರ ಶ್ರೀಮತಿಯವರು ನಮಗೆ ಹೇಳಿದರು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಬರಿಹೊಟ್ಟೆಯಲ್ಲಿ ಓಡಲೇಬಾರದು. ದೀರ್ಘ ಓಟದಲ್ಲಿ ಬಾಯಾರಿದಷ್ಟು ನೀರು ಕುಡಿಯಬೇಕು. ಹೆದರಿ ಲೀಟರುಗಟ್ಟಲೆ ಬರಿನೀರು ಸುರಿದುಕೊಂಡರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಪ್ರಾಣಕ್ಕೇ ಅಪಾಯ. ರಕ್ತದೊತ್ತಡವಿಲ್ಲದವರಿಗೆ ನಿಂಬೆರಸ, ಬೆಲ್ಲ, ಚಿಟಿಕೆ ಉಪ್ಪು ಬೆರೆಸಿದ ಪಾನಕ ಒಳ್ಳೆಯದು. ಇನ್ನು ಓಡಿ ಬಂದ ಧೈರ್ಯದಲ್ಲಿ ಬೆಣ್ಣೆದೋಸೆ ತಿನ್ನಬಹುದೇ ಎಂದು ದಾವಣಗೆರೆಯವರು ಕೇಳದೆ ಬಿಡುವುದಿಲ್ಲ. ತಿನ್ನಬಹುದು, ಭಾನುವಾರ, ಒಂದು.

ನೋವುಗಳಲ್ಲಿ ಭೇದ ತಿಳಿಯಬೇಕು. ಮುಂಗಾಲಿನಲ್ಲಿ ಗೇಣುದ್ದ ಹರಡಿಕೊಂಡು, ಮೈ ಬಿಸಿಯಾದಂತೆ ಕಡಿಮೆಯಾಗುವ ನೋವಿಗೆ ವಿಶ್ರಾಂತಿ, ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರು ಸಾಕಾಗಬಹುದು. ಬೆರಳಿಟ್ಟು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ, ರಾತ್ರಿಯೂ ಬಿಡದ, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವಿದ್ದರೆ ತೈಲವೂ ಬೇಡ, ಮರ್ದನವೂ ಬೇಡ. ಓಟ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಬೇಕು. ನಲವತ್ತು ದಾಟಿದವರು, ಮನೆಯಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾದ ಇತಿಹಾಸವುಳ್ಳವರು, ಆರಂಭಕ್ಕೆ ಮೊದಲು ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಪರೀಕ್ಷಿಸಿಕೊಳ್ಳಲಿ. ಓಡುವಾಗ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹಬ್ಬಿದರೆ, ನಮ್ಮಂಥವರ ಚಿಕಿತ್ಸಾಲಯಕ್ಕೂ ಬರಬೇಡಿ. ನೇರವಾಗಿ ಹೃದಯ ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಿ.

ಆ ಲೆಕ್ಕಿಗರು ಎಂಟು ವಾರ ಓಡಲಿಲ್ಲ. ಮೊದಮೊದಲು ನಮ್ಮ ಮೇಲೆ ಮುನಿಸಿತ್ತು, ನ್ಯಾಯವಾದದ್ದೇ. ಅನಂತರ ನಡಿಗೆಯಿಂದಲೇ ಮತ್ತೆ ಆರಂಭಿಸಿದರು. ಕಳೆದ ತಿಂಗಳು ಕೆರೆಯ ದಂಡೆಯಲ್ಲಿ ಎದುರಾದಾಗ ಓಟ ನಿಲ್ಲಿಸದೆಯೇ ಒಂದು ಪೂರ್ಣ ವಾಕ್ಯ ಹೇಳಿ ಮುಂದೆ ಹೋದರು: “ಡಾಕ್ಟರೇ, ಶರಣು, ಈ ದೀಪಾವಳಿಯವರೆಗೆ ಬಾತಿ ದಾಟುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ.”