ನಿಮಗಿದು ಗೊತ್ತೆ? ಸೆಕೆಂಡಿಗೆ 100 ಕಿಡಿ!

ಹಳೆಯ ಪೆಟ್ರೋಲ್ ಅಂಬಾಸಿಡರ್‌ನ ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ತೆರೆದಾಗಲೆಲ್ಲ ಒಂದು ಕಿಡಿ. ತೆರೆಯುವ ಸಂದು ಬರೀ 0.4 ಮಿ.ಮೀ. ಆಸುಪಾಸು, ಕ್ಯಾಮ್‌ಗೆ ಉಜ್ಜಿ ಉಜ್ಜಿ ಸವೆದಂತೆ ಅದು ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ.

ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಪಾಯಿಂಟ್ ಜಾಗಕ್ಕೆ ಆಯಸ್ಕಾಂತ, ಸೆನ್ಸರ್ ಬರುತ್ತವೆ. ಅಲ್ಲಿ ಸವೆತದ ಮಾತಿಲ್ಲ.

ಆದರೆ ಪ್ರವಾಸಕ್ಕೆ ಹೊರಟ ಗಾಡಿ ನಡುದಾರಿಯಲ್ಲಿ ನಿಂತರೆ? ಕಪ್ಪಾದ ಪಾಯಿಂಟನ್ನು ಎಮರಿ ಪೇಪರ್‌ನಿಂದ ಉಜ್ಜಿ, ಸಂದು ಸರಿಪಡಿಸಿ ಹೊರಡಬಹುದು. ಸೆನ್ಸರ್ ಸುಟ್ಟರೆ ಎಳೆದೊಯ್ಯುವುದೇ ಗತಿ! ದಿನಾ ಓಡಿಸುವವರಿಗೆ ಎಲೆಕ್ಟ್ರಾನಿಕ್ಕೇ ಸರಿ. ಹಳೆಯ ಪಾಯಿಂಟ್ ಸೆಟ್ಟು, ಕಂಡೆನ್ಸರ್ ಮಾತ್ರ ಡಿಕ್ಕಿಯಲ್ಲಿರಲಿ.